ಆ ಸ್ವರ ಹಸಿರಲ್ಲ!

"ಅಲ್ಲ! ಅದು ಹಸಿರಲ್ಲ!"

ಕತ್ತಲಲ್ಲಿ ಯಾರೋ ಕೂಗಿದರು. ಹಾಲ್‌ನಲ್ಲಿದ್ದ ತಲೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದವು.

ಕೂಗಿದ್ದು ತಾನೇ ಎಂದು ನಂದಿತಾಗೆ ಗೊತ್ತಾಗಲು ಒಂದು ಕ್ಷಣ ಬೇಕಾಯಿತು. ಸಾಲದ್ದಕ್ಕೆ ಎದ್ದು ಬೇರೆ ನಿಂತಿದ್ದಳು...

"ಲೇ ನಂದು, ಕೂತ್ಕೊಳೇ! ಏನಾಯ್ತೇ ನಿಂಗೆ?" ಪಕ್ಕದಲ್ಲಿದ್ದ ರಂಜನಾ ದುಪಟ್ಟಾ ಹಿಡಿದು ಎಳೆದಳು.

ರಂಜನಾ ಮತ್ತು ನಂದಿತಾ ಹಲಸೂರಿನ ಒಂದು ಕಿವಿ ಕ್ಲಿನಿಕ್ಕಿನಲ್ಲಿ ಒಟ್ಟಿಗೆ ಕೆಲಸ ಮಾಡುವವರು. ಭಾನುವಾರ ಮಧ್ಯಾಹ್ನ ಮನೆಯಲ್ಲಿ ಸುಮ್ಮನೆ ಬಿದ್ದಿರುವ ಬದಲು, ಕಾಕ್ಸ್ ಟೌನಿನ ಹಳೇ ಬಂಗಲೆಯೊಂದರಲ್ಲಿ ಹೊಸ ಥರದ ಸಿನಿಮಾ ತೋರಿಸುತ್ತಾರಂತೆ ಎಂದು ರಂಜನಾಳೇ ಅವಳನ್ನು ಎಳೆದುಕೊಂಡು ಬಂದಿದ್ದಳು. ಆ ಸಿನಿಮಾದಲ್ಲಿ ಕಥೆಯಿಲ್ಲ, ಮನುಷ್ಯರಿಲ್ಲ, ಒಂದು ಮಾತೂ ಇಲ್ಲ. ಬರೀ ಒಂದು ಕ್ಲಾರಿನೆಟ್ಟಿನ ದನಿ, ಅದರ ಜೊತೆಗೆ ಪರದೆಯ ಮೇಲೆ ಹರಿಯುವ ಬಣ್ಣಗಳು. ಅಷ್ಟೇ.

ಮೊದಲ ಸ್ವರ ಎದ್ದಾಗ ಪರದೆಯ ತಳದಿಂದ ಜೇನಿನ ಬಣ್ಣದ ಅಗಲವಾದ ಅಲೆಯೊಂದು ನಿಧಾನವಾಗಿ ಮೇಲೆದ್ದಿತ್ತು. ನಂದಿತಾ ಕುರ್ಚಿಯ ತುದಿಗೆ ಸರಿದಿದ್ದಳು.

ಪರದೆಯ ಮೇಲೆ ಏಳುವ ಮೊದಲೇ ಆ ಅಲೆ ಅವಳಿಗೆ ಕಂಡಿತ್ತು!

ಹೌದು. ನಂದಿತಾಗೆ ದನಿಗಳು ಕಾಣುತ್ತಿದ್ದವು. ಕುಕ್ಕರಿನ ಸೀಟಿ ಅವಳ ಕಣ್ಣೆದುರು ಬಿಳಿ ಗೆರೆಯಾಗಿ ಸೀಳಿಕೊಂಡು ಹೋಗುತ್ತಿತ್ತು. ತಮಟೆಯ ಏಟು ಕೆಂಪು ಕಿಡಿಯಾಗಿ ಚದುರುತ್ತಿತ್ತು. ಚಿಕ್ಕವಳಿದ್ದಾಗ ಎಲ್ಲರಿಗೂ ಹೀಗೆಯೇ ಎಂದುಕೊಂಡಿದ್ದಳು. ಶಾಲೆಯಲ್ಲೊಮ್ಮೆ, "ಮಿಸ್, ನಿಮ್ಮ ದನಿ ನೇರಳೆ ಬಣ್ಣ" ಎಂದು ಹೇಳಿದಾಗ ಇಡೀ ಕ್ಲಾಸು ನಕ್ಕಿತ್ತು. ದೊಡ್ಡನೆಕ್ಕುಂದಿಯ ಮನೆಯಲ್ಲಿ ಅಜ್ಜಿ ಚಿಕ್ಕಮುನಿಯಮ್ಮ ಗಾಬರಿಯಾಗಿ ದೃಷ್ಟಿ ತೆಗೆದಿದ್ದಳು. ಅಪ್ಪ ಅಂಜನಮೂರ್ತಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಕಣ್ಣಿಗೆ ಏನೂ ಆಗಿರಲಿಲ್ಲ. ಅವತ್ತಿನಿಂದ ನಂದಿತಾ ಬಾಯಿ ಮುಚ್ಚಿಕೊಂಡಳು.

ಕಾಲೇಜಿನಲ್ಲಿ ಓದುವಾಗ, ಕೆಲವರು ಹೀಗೇ ಇರುತ್ತಾರೆ, ಇದು ರೋಗವಲ್ಲ, ಇದಕ್ಕೊಂದು ಹೆಸರೂ ಇದೆ ಎಂದು ತಿಳಿದಿತ್ತು. ಆದರೆ ಹೆಸರನ್ನು ಕಟ್ಟಿಕೊಂಡು ಏನು ಮಾಡುವುದು? ಹೆಸರು ಜೊತೆಗೆ ಕೂತು ಮಾತಾಡುತ್ತದೆಯೇ?

ಇವತ್ತು, ಈ ಕತ್ತಲಲ್ಲಿ, ಅವಳ ಕಣ್ಣೊಳಗೆ ಮಾತ್ರ ಇದ್ದದ್ದು ಗೋಡೆಯಷ್ಟು ದೊಡ್ಡದಾಗಿ ಹೊರಗೆ ನಿಂತಿತ್ತು! ಅವಳು ಉಸಿರು ಬಿಡುವುದನ್ನೂ ಮರೆತಿದ್ದಳು. ಆಗಲೇ ಕ್ಲಾರಿನೆಟ್ ಮೇಲಕ್ಕೆ ಹತ್ತಿ, ತೆಳ್ಳಗೆ ನಡುಗುವ ಒಂದು ಸ್ವರದಲ್ಲಿ ನಿಂತಿತು. ಪರದೆ ಎಲೆಹಸಿರಾಯಿತು.

ಅದು ತಪ್ಪು. ಆ ತಪ್ಪು ಮೈಮೇಲೆ ಬಿಸಿನೀರು ಬಿದ್ದಂತೆ ಆಯಿತು. ಕೂಗಿಬಿಟ್ಟಳು.

ಪ್ರೊಜೆಕ್ಟರಿನ ಪಕ್ಕದಲ್ಲಿದ್ದ ಆಕೃತಿಯೊಂದು ಅಲುಗಿತು.

"ಮತ್ತೆ... ಯಾವ ಬಣ್ಣ?"

ಕೇಳಿದವನ ದನಿಯಲ್ಲಿ ಕೋಪವಿರಲಿಲ್ಲ, ಗೇಲಿಯೂ ಇರಲಿಲ್ಲ. ಅದೇ ಅವಳನ್ನು ಹೆದರಿಸಿದ್ದು. ಕುರ್ಚಿಗಳನ್ನು ದಾಟಿ, ಯಾರದೋ ಕಾಲು ತುಳಿದು, ಬಾಗಿಲು ತಳ್ಳಿಕೊಂಡು ಬೀದಿಗೆ ಓಡಿದಳು.

* * *

"ರೀ... ಒಂದ್ನಿಮಿಷ ನಿಂತ್ಕೊಳ್ಳಿ ರೀ!"

ಬೇಕರಿಯ ಮುಂದೆ ಆ ಪ್ರೊಜೆಕ್ಟರಿನ ಪಕ್ಕದಲ್ಲಿದ್ದವನು ಅವಳನ್ನು ಸೇರಿಕೊಂಡ. ತೆಳ್ಳಗಿನ ಆಳು, ಕೆದರಿದ ಕೂದಲು. ಉಗುರುಗಳ ಸಂದಿಯಲ್ಲೆಲ್ಲ ನೀಲಿ ಇಂಕು. ಓಡಿ ಬಂದಿದ್ದಕ್ಕೆ ಏದುಸಿರು ಬಿಡುತ್ತಿದ್ದ.

"ಸಾರಿ... ನಿಮ್ಮ ಸಿನಿಮಾ ಹಾಳು ಮಾಡ್ಬಿಟ್ಟೆ," ಎಂದಳು ನಂದಿತಾ ತಲೆ ತಗ್ಗಿಸಿ.

"ಹಾಳೇನೂ ಆಗ್ಲಿಲ್ಲ. ನಾನು ಮಧುಕರ್. ಆ ಹಸಿರು ನಂಗೂ ಸರಿ ಅನ್ನಿಸಿರ್ಲಿಲ್ಲ ರೀ. ಎಲ್ಲೋ ತಪ್ಪಿದೆ ಅಂತ ಗೊತ್ತಿತ್ತು, ಎಲ್ಲಿ ಅಂತ ಗೊತ್ತಾಗ್ತಿರ್ಲಿಲ್ಲ. ಹೇಳಿ, ಏನಾಗ್ಬೇಕಿತ್ತು ಅಲ್ಲಿ?"

ಎಷ್ಟು ವರ್ಷವಾಗಿತ್ತು, ಯಾರಾದರೂ ಹೀಗೆ ಕೇಳಿ! ಯಾರಾದರೂ... ಕೇಳಿದ್ದರೇ ಅಸಲಿಗೆ?

"ಪಾರಿವಾಳದ ಕತ್ತು ನೋಡಿದೀರಾ?" ಅವಳ ಬಾಯಿಂದ ಮಾತು ತಾನಾಗಿಯೇ ಬಂತು. "ಬಿಸಿಲಲ್ಲಿ ತಿರುಗಿಸಿದಾಗ ಬೂದಿ ಬಣ್ಣದೊಳಗಿಂದ ಮಿಂಚುತ್ತಲ್ಲ, ಆ ಥರ. ಒಂದ್ಕಡೆ ನಿಲ್ಲಲ್ಲ ಅದು. ನಡುಗ್ತಾ ಇರುತ್ತೆ."

ಅವನು ಕಣ್ಣರಳಿಸಿ ಅವಳನ್ನೇ ನೋಡಿದ.

ನಂದಿತಾ ಒಂದು ಹೆಜ್ಜೆ ಮುಂದೆ ಬಂದಳು. "ಆ ಮೊದಲನೇ ಅಲೆ... ಜೇನಿನ ಬಣ್ಣದ್ದು... ಅದು ಕರೆಕ್ಟಾಗಿತ್ತು. ನಿಮಗೂ... ನಿಮಗೂ ಕಾಣುತ್ತಾ?"

ಮಧುಕರ್‌ಗೆ ದನಿಗಳಲ್ಲಿ ಏನೂ ಕಾಣುತ್ತಿರಲಿಲ್ಲ. ಹಗಲು ಮದುವೆ, ಸಮಾರಂಭಗಳ ವೇದಿಕೆಗೆ ಎಲ್‌ಇಡಿ ಪರದೆ ಕಟ್ಟುವ ಕೆಲಸ ಅವನದು. ಉಳಿದ ಹೊತ್ತಿನಲ್ಲಿ ಗಾಜಿನ ತಟ್ಟೆಯಲ್ಲಿ ನೀರು, ಎಣ್ಣೆ, ಇಂಕು ಬೆರೆಸಿ, ಕೆಳಗಿನಿಂದ ಬೆಳಕು ಹಾಯಿಸಿ, ಆ ಬಣ್ಣಗಳ ಓಟವನ್ನು ಚಿತ್ರೀಕರಿಸಿ ಸಂಗೀತಕ್ಕೆ ಹೊಂದಿಸುತ್ತಿದ್ದ. ಎಲ್ಲವೂ ಪ್ರಯತ್ನ, ಊಹೆ, ಮತ್ತೆ ಪ್ರಯತ್ನ.

ಇಲ್ಲ ಎನ್ನಬೇಕಿತ್ತು ಅವನು. ಆದರೆ ಎದುರಿಗೆ ನಿಂತಿದ್ದವಳ ಕಣ್ಣಲ್ಲಿ ಎಂಥ ಆಸೆ ಇತ್ತೆಂದರೆ...

"ಹೂಂ," ಎಂದುಬಿಟ್ಟ.

ನಂದಿತಾ ಬೇಕರಿಯ ಮುಂದೆ, ಬನ್ನು ಕೊಳ್ಳುವ ಜನರ ನಡುವೆ, ಬಿಕ್ಕಿ ಬಿಕ್ಕಿ ಅತ್ತಳು. ಅದು ದುಃಖಕ್ಕಲ್ಲ.

* * *

ಆಮೇಲೆ ಪ್ರತಿ ಭಾನುವಾರವೂ ಅವನ ಮಹಡಿ ಕೋಣೆಯಲ್ಲಿ.

ಗೋಡೆಗೆ ಬಿಳಿ ಬಟ್ಟೆ, ಶಿವಾಜಿನಗರದ ಗುಜರಿಯಿಂದ ತಂದ ಹಳೇ ಓವರ್‌ಹೆಡ್ ಪ್ರೊಜೆಕ್ಟರ್, ಅದರ ಗಾಜಿನ ಮೇಲೊಂದು ಅಗಲವಾದ ತಟ್ಟೆ. ಮೂಲೆಯಲ್ಲಿ ಕ್ಲಾರಿನೆಟ್ ಹಿಡಿದ ಫಹೀಮ್. ಅವನು ಶಿವಾಜಿನಗರದ ಮದುವೆ ಬ್ಯಾಂಡಿನವನು, ಮಧುಕರನ ಜೀವದ ಗೆಳೆಯ. ಬಾರಾತಿನ ಮೆರವಣಿಗೆಯಲ್ಲಿ ಊದಿ ಊದಿ ಕೆನ್ನೆ ಉಬ್ಬಿದ್ದರೂ, ಒಬ್ಬನೇ ಕೂತು ಊದಿದರೆ ಕೇಳುವವರು ಕೈಲಿದ್ದ ಕೆಲಸ ಮರೆಯುತ್ತಿದ್ದರು.

ಫಹೀಮ್ ಊದುತ್ತಿದ್ದ. ನಂದಿತಾ ನೋಡಿದ್ದನ್ನು ಹೇಳುತ್ತಿದ್ದಳು. ಮಧುಕರ್ ಮಾಡುತ್ತಿದ್ದ.

ಪಾರಿವಾಳದ ಕತ್ತಿಗಾಗಿ ಅವನು ರಸೆಲ್ ಮಾರ್ಕೆಟ್ಟಿನ ಮುಂದೆ ಬಿಸಿಲಲ್ಲಿ ಕಾಳು ಚೆಲ್ಲಿಕೊಂಡು ಕೂತಿದ್ದನಂತೆ! ಕೊನೆಗೆ ಬೂದಿ ಬಣ್ಣದ ಇಂಕಿಗೆ ಹೊಳೆಯುವ ಅಭ್ರಕದ ಪುಡಿ ಬೆರೆಸಿ, ತಟ್ಟೆಯ ಅಂಚನ್ನು ಬೆರಳಿಂದ ಮೆಲ್ಲಗೆ ತಟ್ಟಿದ. ಗೋಡೆಯ ಮೇಲೆ ಆ ಸ್ವರ ಜೀವ ಬಂದು ನಡುಗಿತು.

"ಅದೇ... ಅದೇ!" ನಂದಿತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಒಂದು ಸಂಜೆ ಮೂವರೂ ಮಹಡಿಯ ಕಟ್ಟೆಯ ಮೇಲೆ ಚಹಾ ಹಿಡಿದು ಕೂತಿದ್ದರು. ದೂರದಲ್ಲಿ ಚರ್ಚಿನ ಗಂಟೆ ಹೊಡೆಯಿತು. ಅದು ನಿಲ್ಲುವಷ್ಟರಲ್ಲಿ ಆಜಾನ್ ಎದ್ದಿತು. ಅದರ ಕೆಳಗೆ ದಂಟನ್ ದಂಟನ್ ಎಂದು ಹಳಿಗಳ ಮೇಲೆ ರೈಲು ಹೋಯಿತು. ನಂದಿತಾ ಕಣ್ಣು ಮಿಟುಕಿಸದೆ ಆಕಾಶ ನೋಡುತ್ತಿದ್ದಳು.

"ಹೇಳಿ," ಎಂದ ಮಧುಕರ್ ಮೆಲ್ಲಗೆ.

"ಗಂಟೆ... ಹಿತ್ತಾಳೆ ಬಣ್ಣದ ಬಳೆಗಳು. ಒಂದರೊಳಗೊಂದು ದೊಡ್ಡದಾಗ್ತಾ ಹೋಗ್ತಿವೆ. ಅದರ ಮೇಲೆ ಆಜಾನ್ ಬಂತಲ್ಲ, ತುಂಬ ಉದ್ದದ ನೀಲಿ ಸೆರಗು... ಯಾರೋ ಹಾರಿಸಿದ ಹಾಗೆ. ರೈಲು ಮಾತ್ರ ಕೆಳಗಡೆ, ಕಂದು ಬಣ್ಣದ ಹೊಲಿಗೆ." ತಿರುಗಿ ನೋಡಿದಳು. "ನಿಮಗೆ?"

"ನೀವು ಹೇಳಿದ್ಮೇಲೆ ಇನ್ನೇನಿದೆ ಹೇಳೋಕೆ?"

ಯಾವಾಗಲೂ ಹೀಗೆಯೇ ಅವನು. ತನ್ನದನ್ನು ಹೇಳುತ್ತಲೇ ಇರಲಿಲ್ಲ. ಎಷ್ಟು ಸಂಕೋಚದ ಮನುಷ್ಯ, ಎಂದುಕೊಂಡಳು ನಂದಿತಾ. ಇಳಿಬಿಸಿಲು ಅವನ ಕೆನ್ನೆಯ ಮೇಲಿತ್ತು. ಅವಳ ಎದೆಯೊಳಗೆ ಏನೋ ಮೆತ್ತಗೆ ಜಾರಿತು.

*ಇವನ ಜೊತೆ ಬದುಕಿದರೆ ನಾನು ಯಾವತ್ತೂ ಏನನ್ನೂ ಮುಚ್ಚಿಡಬೇಕಾಗಿಲ್ಲ...*

ಮುಚ್ಚಿಟ್ಟಿದ್ದವನು ಅವನು ಎಂದು ಅವಳಿಗೆ ಹೇಗೆ ತಿಳಿಯಬೇಕು?

* * *

ಇಂದಿರಾನಗರದ ಒಂದು ಚಿಕ್ಕ ರಂಗಮಂದಿರದಲ್ಲಿ ಪ್ರದರ್ಶನ ಗೊತ್ತಾಯಿತು. ಈ ಸಲ ಮೊದಲೇ ಚಿತ್ರೀಕರಿಸಿದ್ದಲ್ಲ. ಫಹೀಮ್ ಅಲ್ಲಿಯೇ ಊದಬೇಕು, ಮಧುಕರ್ ಅಲ್ಲಿಯೇ ಬಣ್ಣ ಹರಿಸಬೇಕು.

ಅಭ್ಯಾಸದ ನಡುವೆ ಫಹೀಮ್ ಕ್ಲಾರಿನೆಟ್ ಒರೆಸುತ್ತಾ ನಕ್ಕ. "ಅರೆ ಮೇಡಂ, ನೀವು ಬಂದಿದ್ದು ನನ್ನ ಪುಣ್ಯ! ಮುಂಚೆ ಇವ್ನು ಒಂದೊಂದು ಸ್ವರಾನೂ ಸಾಯಂಕಾಲದವರೆಗೆ ಊದಿಸ್ತಿದ್ದ. ಈ ಬಣ್ಣ ಹಾಕ್ಲಾ, ಆ ಬಣ್ಣ ಹಾಕ್ಲಾ ಅಂತ. ನನ್ನ ತುಟಿ ಹರಿದು ಹೋಗಿತ್ತು, ಕಸಮ್!"

ಮಧುಕರನ ಕೈಲಿದ್ದ ಇಂಕಿನ ಬಾಟಲಿ ಅಲ್ಲಾಡಿತು.

ನಂದಿತಾ ಅದನ್ನು ನೋಡಿದಳು.

*ಕಾಣುವವನಿಗೆ ಹುಡುಕುವ ಕೆಲಸ ಯಾಕೆ?*

ಅವಳು ಸುಮ್ಮನೆ ಫೋನ್ ತೆಗೆದಳು. ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆಗೆ ಕೇಳಿಸುವಂಥ ದನಿಗಳು ಅದರಲ್ಲಿದ್ದವು. ಒಂದನ್ನು ಕೇಳಿಸಿದಳು. "ಸುಮ್ನೆ ಒಂದು ಆಟ. ಇದು ನಿಮಗೆ ಹೇಗೆ ಕಾಣುತ್ತೆ?"

"ಅದು... ತಿಳಿ ಹಳದಿ. ದುಂಡಗೆ," ಎಂದ ಮಧುಕರ್, ಗಂಟಲು ಸರಿಮಾಡಿಕೊಂಡು.

ಬೇರೆ ಬೇರೆ ದನಿ ಕೇಳಿಸಿದಳು. ಅವನು ಏನೇನೋ ಹೇಳಿದ. ನಡುವೆ ಮೊದಲಿನ ದನಿಯನ್ನೇ ಮತ್ತೆ ಹಾಕಿದಳು.

"ಇದು... ಕೆಂಪು ಗೆರೆ?"

ನಂದಿತಾ ಫೋನ್ ಕೆಳಗಿಟ್ಟಳು.

"ಎರಡೂ ಒಂದೇ ದನಿ, ಮಧುಕರ್."

"ನಂದಿತಾ..."

"ಕಿವಿ ಟೆಸ್ಟ್ ಮಾಡೋ ಬೂತ್‌ನಲ್ಲಿ ದಿನಾ ನೋಡ್ತೀನಿ. ಕಿವಿ ಕೇಳಿಸದೇ ಇದ್ರೂ ಕೇಳಿಸ್ತು ಅಂತ ಬಟನ್ ಒತ್ತೋರನ್ನ." ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಅಲುಗಲಿಲ್ಲ. "ಅವರು ನಾಚಿಕೆಗೆ ಒತ್ತುತ್ತಾರೆ. ನೀವು ಯಾಕೆ ಒತ್ತಿದ್ರಿ?"

"ಅವತ್ತು ನೀವು ಕೇಳಿದ ರೀತಿ... ಇಲ್ಲ ಅಂದ್ರೆ ನೀವು ಒಡೆದೇ ಹೋಗ್ತೀರಿ ಅನ್ನಿಸ್ತು. ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ... ಹೇಳಿದ್ರೆ ನೀವು ಬರಲ್ಲ ಅಂತ ಭಯ ಆಯ್ತು."

"ಪ್ರಪಂಚದಲ್ಲಿ ನಾನು ಒಬ್ಳೇ ಅಲ್ಲ ಅಂತ ದಿನಾ ಬೆಳಿಗ್ಗೆ ಎದ್ದು ಅಂದ್ಕೋತಿದ್ದೆ ಕಣ್ರೀ! ಅದನ್ನ ಕೊಟ್ಟೋರೂ ನೀವೇ... ಕಿತ್ಕೊಂಡೋರೂ ನೀವೇ."

ಅವಳು ಮೆಟ್ಟಿಲಿಳಿದು ಹೋದಳು. ಅವನು ಹಿಂದೆ ಓಡಲಿಲ್ಲ. ಯಾವ ಮುಖ ಹೊತ್ತುಕೊಂಡು ಓಡುವುದು?

* * *

ಮಾರತ್ತಹಳ್ಳಿಯ ಟ್ರಾಫಿಕ್ಕಿನಲ್ಲಿ ಬಸ್ಸಿನ ಕಿಟಕಿಗೆ ತಲೆಯಿಟ್ಟು ಕೂತರೆ ಹಾರನ್ನುಗಳ ಹಳದಿ ಮೊಳೆಗಳು ಎಲ್ಲ ಕಡೆಯಿಂದ ಚುಚ್ಚುತ್ತಿದ್ದವು. ಮುಂಚೆ ಆಗಿದ್ದರೆ ಭಾನುವಾರ ಅವನಿಗೆ ಹೇಳಿ ನಗಬಹುದಿತ್ತು. ಈಗ ಯಾರಿಗೆ ಹೇಳುವುದು?

ಅವನ ಕರೆಗಳನ್ನು ಅವಳು ಎತ್ತಲಿಲ್ಲ. ಸ್ವಲ್ಪ ದಿನದ ಮೇಲೆ ಕರೆಗಳೂ ನಿಂತವು. ನಿಂತಾಗ ಇನ್ನೂ ಕಷ್ಟವಾಯಿತು.

ಒಂದು ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ರಂಜನಾ ಬಂದು, "ನಂದು, ಮುಂದಿನ ಪೇಷಂಟ್ ನಿಂಗೇ. ನೀನೇ ಟೆಸ್ಟ್ ಮಾಡ್ಬೇಕಂತೆ," ಎಂದು ಹೇಳಿ, ನಗು ಅದುಮಿಕೊಂಡು ಹೋದಳು.

ಗಾಜಿನ ಬೂತಿನೊಳಗೆ, ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಫಹೀಮ್ ಕೂತಿದ್ದ!

ನಂದಿತಾ ಮುಖ ಗಂಟಿಕ್ಕಿಕೊಂಡು ಮೈಕ್ ಒತ್ತಿದಳು. "ಏನ್ ತೊಂದ್ರೆ?"

"ಬ್ಯಾಂಡ್‌ನಲ್ಲಿ ಡ್ರಮ್ ಪಕ್ಕ ನಿಲ್ಲೋನು ಮೇಡಂ, ಕಿವಿ ನಿಜವಾಗ್ಲೂ ನೋಡ್ಬೇಕು. ಆದ್ರೆ ಮೊದಲು ನೀವು ನನ್ನ ಮಾತು ಕೇಳ್ಬೇಕು. ಇಲ್ಲಿಂದ ನೀವು ಓಡಿ ಹೋಗೋ ಹಾಗಿಲ್ಲ, ಡ್ಯೂಟಿ ಟೈಮು."

ಅವಳಿಗೆ ಬೇಡವೆಂದರೂ ತುಟಿ ಅಂಚಿನಲ್ಲಿ ನಗು ಬಂತು. ಫಹೀಮನ ಮುಖದಲ್ಲಿ ಮಾತ್ರ ನಗುವಿರಲಿಲ್ಲ.

"ಮಧು ಶೋ ಕ್ಯಾನ್ಸಲ್ ಮಾಡ್ದ. ಆ ಬಣ್ಣ ಎಲ್ಲಾ ಅವರದು, ಅವರಿಲ್ದೆ ತೋರ್ಸೋಕೆ ನಾನ್ಯಾರು ಅಂದ. ಅದು ಹೋಗ್ಲಿ ಮೇಡಂ... ದಿನಾ ನನ್ನ ಕರೀತಾನೆ. ಒಂದೇ ಒಂದು ಸ್ವರ ಊದಿಸ್ತಾನೆ. ಕಣ್ಣು ಮುಚ್ಕೊಂಡು ಕೂತಿರ್ತಾನೆ, ಬೆವರ್ತಾ. ಏನೋ ಮಾಡ್ತಿದೀಯ ಅಂದ್ರೆ, ಒಂದ್ಸಲ ಆದ್ರೂ ಕಾಣ್ಲಿ ಫಹೀಮ್, ಅವಳು ಅಲ್ಲಿ ಒಬ್ಳೇ ಇದಾಳೆ ಅಂತಾನೆ."

ಮೈಕಿನ ಮೇಲಿದ್ದ ನಂದಿತಾಳ ಬೆರಳು ಹಾಗೆಯೇ ನಿಂತುಹೋಯಿತು.

*ಅವಳು ಅಲ್ಲಿ ಒಬ್ಬಳೇ ಇದ್ದಾಳೆ.*

ಇಡೀ ಬದುಕಿನಲ್ಲಿ ಅವಳು ಹೇಳಿದ್ದನ್ನು ಕೇಳಿ ನಕ್ಕವರಿದ್ದರು, ಹೆದರಿದವರಿದ್ದರು. ಈ ಮನುಷ್ಯ? ಏನೂ ಕಾಣದವನು, ಎಷ್ಟೋ ದಿನ ಬೆವರು ಸುರಿಸಿ ಮಾಡಿದ್ದ ಹಸಿರನ್ನು, ಗುರುತಿಲ್ಲದ ಹುಡುಗಿಯೊಬ್ಬಳ ಒಂದು ಮಾತಿಗೆ ಎತ್ತಿ ಎಸೆದಿದ್ದ. ಒಂದು ಸಲವೂ "ನಿಜವಾಗ್ಲೂನಾ?" ಎಂದು ಕೇಳಿರಲಿಲ್ಲ.

ತನ್ನಂತೆಯೇ ಇರುವವನೊಬ್ಬ ಬೇಕೆಂದು ಅವಳು ಹುಡುಕಿದ್ದಳು. ತನ್ನಂತೆ ಇಲ್ಲದೆಯೂ ತನ್ನನ್ನು ನಂಬುವವನು ಸಿಗಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಮೇಡಂ? ಕೇಳಿಸ್ತಿದೆಯಾ?"

"ಕೇಳಿಸ್ತು ಫಹೀಮ್," ಎಂದಳು ಕಣ್ಣೊರೆಸಿಕೊಂಡು. "ಈಗ ನಿಮ್ಮ ಕಿವಿ ನೋಡೋಣ. ಬಟನ್ ಸರಿಯಾಗಿ ಒತ್ತಿ."

* * *

ಬಾಗಿಲು ತೆರೆದ ಮಧುಕರ್ ಅವಳನ್ನು ನೋಡಿ ಕಲ್ಲಿನಂತೆ ನಿಂತ. ಗಡ್ಡ ಬೆಳೆದಿತ್ತು. ಬೆರಳುಗಳಲ್ಲಿ ಇಂಕಿರಲಿಲ್ಲ.

"ನೀವು ಸುಳ್ಳು ಹೇಳಿದ್ದು ತಪ್ಪು," ಎಂದಳು ನಂದಿತಾ, ಹೊಸ್ತಿಲಲ್ಲೇ.

"ಹೌದು."

"ನಂಗೆ ತುಂಬ ನೋವಾಯ್ತು."

"ಗೊತ್ತು... ಏನ್ ಹೇಳ್ಲಿ ಅಂತಾನೇ ಗೊತ್ತಾಗ್ತಿಲ್ಲ ನಂದಿತಾ."

"ಒಂದು ಕೇಳ್ತೀನಿ, ನಿಜ ಹೇಳಿ. ಅವತ್ತು ಬೀದಿಲಿ ನಿಂತು ಪಾರಿವಾಳದ ಕತ್ತು ಅಂದಾಗ, ಇವಳಿಗೆಲ್ಲೋ ತಲೆ ಕೆಟ್ಟಿದೆ ಅನ್ನಿಸ್ಲಿಲ್ವಾ?"

"ಇಲ್ಲ."

"ಯಾಕೆ?"

"ನೀವು ನೋಡ್ತಿದ್ರಿ," ಎಂದ ಸರಳವಾಗಿ. "ಪರದೆ ಪಕ್ಕ ನಿಂತು ಜನರ ಮುಖ ನೋಡೋದೇ ನನ್ನ ಕೆಲಸ. ನಿಜವಾಗಿ ನೋಡ್ತಿರೋರ ಮುಖ ನಂಗೊತ್ತಾಗುತ್ತೆ. ನಂಗೆ ಕಾಣ್ಲಿಲ್ಲ ಅಂದ ಮಾತ್ರಕ್ಕೆ ಅಲ್ಲೇನೂ ಇಲ್ಲ ಅನ್ನೋಕಾಗುತ್ತಾ?"

ಅವಳು ತುಟಿ ಕಚ್ಚಿಕೊಂಡು ಅಳು ತಡೆದಳು.

"ಶೋ ಮಾಡೋಣ. ಆದ್ರೆ ಈ ಸಲ ಪ್ರೊಜೆಕ್ಟರ್ ಮುಂದೆ ನಾನು ನಿಲ್ತೀನಿ."

"ಎಲ್ಲರ ಮುಂದೆ? ನಂದಿತಾ... ಎಲ್ಲರಿಗೂ ಗೊತ್ತಾಗುತ್ತೆ."

"ಗೊತ್ತಾಗ್ಲಿ ಬಿಡಿ. ಎಷ್ಟು ದಿನ ಅಂತ ಬಾಯಿ ಮುಚ್ಕೊಂಡಿರ್ಲಿ?"

* * *

ನಿಂತುಹೋಗಿದ್ದ ಪ್ರದರ್ಶನಕ್ಕೆ ಹೊಸ ದಿನ ಸಿಕ್ಕಿತು. ಇಂದಿರಾನಗರದ ಆ ರಂಗಮಂದಿರ ಅವತ್ತು ಸಂಜೆ ತುಂಬಿತ್ತು. ಅಪ್ಪ, ಅಜ್ಜಿ ಇಬ್ಬರೂ ಮುಂದಿನ ಸಾಲಿನಲ್ಲಿದ್ದರು. ಏನು ನಡೆಯಲಿದೆ ಎಂದು ಅವರಿಗೆ ಅವತ್ತು ಬೆಳಿಗ್ಗೆಯಷ್ಟೇ ಹೇಳಿದ್ದಳು. ಅಪ್ಪ, "ಕಣ್ಣಿನ ಡಾಕ್ಟ್ರು ಹತ್ರ ಕರ್ಕೊಂಡೋಗಿದ್ನಲ್ಲಮ್ಮ ನಿನ್ನ..." ಎಂದಷ್ಟೇ ಹೇಳಿ ಅವಳ ತಲೆ ಸವರಿದ್ದ.

ನಂದಿತಾ ವೇದಿಕೆಯ ಮೇಲೆ ನಿಂತು ಮೈಕ್ ಹಿಡಿದಳು.

"ನಂಗೆ ದನಿಗಳು ಕಾಣ್ತವೆ. ಚಿಕ್ಕೋಳಿಂದ. ಇವತ್ತು ನಿಮಗೂ ತೋರಿಸ್ತೀನಿ."

ದೀಪಗಳು ಆರಿದವು.

ಫಹೀಮ್ ಊದಿದ. ಕತ್ತಲ ತಳದಿಂದ ಜೇನಿನ ಅಲೆ ಎದ್ದಿತು. ಅವಳ ಬೆರಳು ತಟ್ಟೆಯ ನೀರಿನಲ್ಲಿತ್ತು. ಅವಳು ಕದಲಿಸಿದ್ದು ಒಂದು ಬೆರಳು, ಗೋಡೆಯ ಮೇಲೆ ಕದಲಿದ್ದು ಒಂದು ಕಡಲು! ದನಿ ಏರಿದಂತೆ ಅಲೆ ಸೀಳಿ ಅದರೊಳಗಿಂದ ತಾಮ್ರದ ಎಳೆಗಳು ಹೊರಬಂದವು. ಎಳೆಗಳ ತುದಿಯಲ್ಲಿ ನೀಲಿ ಹನಿಗಳು ಕಟ್ಟಿಕೊಂಡು, ಒಂದೊಂದೂ ಸ್ವರ ಒಡೆಯುವ ಕ್ಷಣಕ್ಕೆ ಸರಿಯಾಗಿ ಒಡೆದವು. ಮಧುಕರ್ ಪಕ್ಕದಲ್ಲಿ ನಿಂತು ಅವಳ ಕಣ್ಣನ್ನೇ ನೋಡುತ್ತಾ ಬೆಳಕನ್ನು ಏರಿಸುತ್ತಿದ್ದ, ಇಳಿಸುತ್ತಿದ್ದ.

ಯಾರೂ ಕೆಮ್ಮಲಿಲ್ಲ. ಯಾರ ಫೋನೂ ಮಿನುಗಲಿಲ್ಲ. ಮುನ್ನೂರು ಜನ ಒಂದೇ ಉಸಿರು ಹಿಡಿದು ಕೂತಂತಿತ್ತು.

ಆಮೇಲೆ ಅದು ನಡೆಯಿತು. ಫಹೀಮ್ ಅಭ್ಯಾಸದಲ್ಲಿ ಒಮ್ಮೆಯೂ ಊದದ ಒಂದು ಜಾಡು ಹಿಡಿದ. ದನಿ ಏರಿತು, ಏರಿತು, ಎಲ್ಲಿಗೆ ಹೋಗುತ್ತಿದೆ ಎಂದು ಅವನಿಗೇ ಗೊತ್ತಿಲ್ಲದಂತೆ. ನಂದಿತಾಳ ಕಣ್ಣೆದುರು ಬಣ್ಣಗಳು ನುಗ್ಗಿ ಬಂದವು. ಎರಡು ಕೈ ಸಾಲಲಿಲ್ಲ!

"ಕೈ ಹಾಕಿ!" ಪಿಸುಗುಟ್ಟಿದಳು.

"ನಂಗೆ ಕಾಣಲ್ವಲ್ಲ..."

"ಹಾಕಿ ಮಧು! ನಾನಿದೀನಿ."

ನಾಲ್ಕು ಕೈಗಳು ತಟ್ಟೆಯಲ್ಲಿ ಸೇರಿದವು. ಅವಳ ಬೆರಳು ಅವನ ಬೆರಳನ್ನು ನಡೆಸಿತು. ಗೋಡೆಯ ಮೇಲೆ ಎಲ್ಲ ಬಣ್ಣಗಳೂ ಒಂದನ್ನೊಂದು ಹಾದು, ನುಂಗಿ, ನಡುವೆ ಒಂದು ಬೆಳಕಿನ ಹೂವು ಬಿಚ್ಚಿಕೊಂಡಿತು. ಅದು ಚಿನ್ನವಲ್ಲ, ಬಿಳಿಯಲ್ಲ. ಹುಟ್ಟಿದಾಗಿನಿಂದ ದನಿಗಳನ್ನು ನೋಡುತ್ತಾ ಬಂದವಳು ಅಂಥ ಬಣ್ಣವನ್ನು ಯಾವತ್ತೂ ನೋಡಿರಲಿಲ್ಲ. ಅದನ್ನು ಅವಳೊಬ್ಬಳೇ ಮಾಡಿರಲಿಲ್ಲ.

ಸ್ವರ ನಿಂತಿತು. ಬೆಳಕು ನಿಧಾನವಾಗಿ ಆರಿತು.



ಕತ್ತಲೊಳಗಿಂದ ಚಿಕ್ಕಮುನಿಯಮ್ಮನ ದನಿ ಕೇಳಿತು. "ಅಯ್ಯೋ ನನ್ನವ್ವ... ಇಷ್ಟೊಂದು ನೋಡ್ತಿತ್ತಾ ನನ್ ಮಗು!"

ಚಪ್ಪಾಳೆ ಆಮೇಲೆ ಬಂತು. ಮಳೆ ಬಂದ ಹಾಗೆ, ನಿಲ್ಲದ ಹಾಗೆ.

* * *

ಎಲ್ಲರೂ ಹೊರಗೆ ಹೋದ ಮೇಲೆ ಇಬ್ಬರೂ ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತರು. ಹೊರಗಡೆ ಫಹೀಮ್ ಅಜ್ಜಿಗೆ ಕ್ಲಾರಿನೆಟ್ ಹಿಡಿಯುವುದನ್ನು ಹೇಳಿಕೊಡುತ್ತಿದ್ದ. ಪೀಂ ಎಂಬ ಅಪಸ್ವರ ಒಳಗೆ ಬಂದು ಇಬ್ಬರೂ ನಕ್ಕರು.

ನಗು ನಿಂತ ಮೇಲೆ ಮಧುಕರ್ ತನ್ನ ಒದ್ದೆ ಕೈಗಳನ್ನೇ ನೋಡುತ್ತಾ ಹೇಳಿದ.

"ನಂಗೆ ನೀವು ನೋಡೋದು ಯಾವತ್ತೂ ಕಾಣ್ದೇ ಇರ್ಬಹುದು. ಇನ್ಮೇಲೆ ಕಾಣುತ್ತೆ ಅಂತ ಸುಳ್ಳು ಹೇಳಲ್ಲ. ಆದ್ರೆ ಜೀವಮಾನ ಪೂರ್ತಿ ಪಕ್ಕದಲ್ಲಿ ಕೂತು ಕೇಳ್ತೀನಿ... ನಂದಿತಾ, ನಿಮ್ಮನ್ನ ತುಂಬ ಪ್ರೀತಿಸ್ತೀನಿ."

ಅವಳು ಕಣ್ಣು ಮುಚ್ಚಿಕೊಂಡಳು. ರೆಪ್ಪೆಯ ಅಂಚಿನಲ್ಲಿ ನೀರು ಹೊಳೆಯಿತು.

"ಏನಾಯ್ತು? ತಪ್ಪಾಗಿ ಏನಾದ್ರೂ..."

"ಶ್... ಸುಮ್ನಿರು." ಅವಳು ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಳು. ತಡಕಾಡಿ ಅವನ ಕೈ ಹಿಡಿದು, ಬೆರಳಿಗೆ ಬೆರಳು ಹೆಣೆದಳು. "ಪೂರ್ತಿ ನೋಡೋಷ್ಟರಲ್ಲಿ ಹೊರಟುಹೋಯ್ತು."

"ಏನು?"

"ನೀನು ಹೇಳಿದ್ದು. ಇನ್ನೊಂದ್ಸಲ ಹೇಳೋ..."

ಅವನು ಅವಳ ಕಿವಿಯ ಹತ್ತಿರ ಬಗ್ಗಿ, ಈ ಸಲ ಬಹಳ ನಿಧಾನವಾಗಿ ಹೇಳಿದ.